ಕಪ್ಪು, ಬಿಳಿ, ಒಂಟಿಕೊಂಬು: ಚಿತ್ರದಲ್ಲಿರುವ ಘೇಂಡಾಮೃಗ ಯಾವುದೆಂದು ಗುರುತಿಸುವುದು ಹೇಗೆ?

ದೂರಮಸೂರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕೀನ್ಯಾದ ನಕುರು ಸರೋವರ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಚಿತ್ರಗಳನ್ನು ವಿಂಗಡಿಸುತ್ತಿದ್ದೇನೆ. ಅಲ್ಲಿ ಕಪ್ಪು ಮತ್ತು ಬಿಳಿ ಘೇಂಡಾಮೃಗಗಳೆರಡೂ ಇರುವುದರಿಂದ ಶೀರ್ಷಿಕೆ ಬರೆಯಲು ಕುಳಿತಾಗ ತೊಡಕಾಗಿದೆ. ಮೊದಲನೆಯ ಚಿತ್ರದಲ್ಲಿ ಸರೋವರದ ಪಕ್ಕದ ಬಯಲಿನಲ್ಲಿ ಎರಡು ದೊಡ್ಡ ಪ್ರಾಣಿಗಳೂ ಒಂದು ಮರಿಯೂ ನಡೆಯುತ್ತಿವೆ. ಮರಿ ಎಲ್ಲರಿಗಿಂತ ಮುಂದಿದೆ, ಮೈಮೇಲೆ ಕೆಸರು ಒಣಗಿರುವುದರಿಂದ ಮೂರೂ ತಿಳಿಬೂದಿ ಬಣ್ಣದಲ್ಲಿ ಕಾಣುತ್ತವೆ. ಎರಡನೆಯದರಲ್ಲಿ ಹಳದಿ ತೊಗಟೆಯ ಅಕೇಶಿಯಾ ಮರಗಳ ಅಂಚಿನಲ್ಲಿ, ಪೊದೆಯೊಂದರ ಪಕ್ಕ ನಿಂತ ಒಂಟಿ ಪ್ರಾಣಿ ತಲೆಯೆತ್ತಿ ನಮ್ಮ ಗಾಡಿಯತ್ತ ನೋಡುತ್ತಿದೆ. ಅದರ ಮೈಬಣ್ಣ ಗಾಢವಾಗಿದೆ. ಮೂರನೆಯದರಲ್ಲಿ ಎತ್ತರದ ಹುಲ್ಲಿನ ಮೇಲೆ ಬೆನ್ನು, ಕಿವಿ ಮತ್ತು ಎರಡು ಕೊಂಬುಗಳಷ್ಟೇ ಕಾಣುತ್ತವೆ, ಬಾಯಿ ಪೂರ್ತಿ ಮರೆಯಾಗಿದೆ.

ಗಾಡಿಯಲ್ಲಿದ್ದ ಒಬ್ಬರು ಬಣ್ಣ ನೋಡಿಯೇ ಹೇಳಬಹುದೆಂದರು. ಇನ್ನೊಬ್ಬರು ಕೊಂಬಿನ ಉದ್ದವೇ ಸಾಕ್ಷಿ ಎಂದು ಹಠ ಹಿಡಿದರು. ಚಾಲಕರು ಇಬ್ಬರ ಮಾತಿಗೂ ನಕ್ಕು ಗಾಡಿಯನ್ನು ಮುಂದಕ್ಕೆ ಬಿಟ್ಟರು. ಖಚಿತವಾಗಿ ಹೇಳಬಲ್ಲ ಒಂದೇ ಒಂದು ಲಕ್ಷಣ ಇದೆಯೇ, ಅಥವಾ ಹಲವನ್ನು ಕೂಡಿಸಿ ನೋಡಬೇಕೇ? ಬಲ್ಲವರು ತಿಳಿಸಿದರೆ ಉಪಕಾರವಾದೀತು.

ಹುಲ್ಲುಗರಿ

ಬಣ್ಣವನ್ನು ಮೊದಲು ಪಟ್ಟಿಯಿಂದ ತೆಗೆದುಹಾಕಿ. ಎರಡೂ ಜಾತಿಗಳ ಚರ್ಮ ಬೂದಿ ಬಣ್ಣದ್ದೇ. ನಾವು ನೋಡುವುದು ಬಹುಪಾಲು ಅವು ಕೊನೆಯದಾಗಿ ಹೊರಳಾಡಿದ ಕೆಸರಿನ ಬಣ್ಣವನ್ನು. ಕೆಮ್ಮಣ್ಣಿನ ನೆಲದಲ್ಲಿ ಹೊರಳಿದ ಬಿಳಿ ಘೇಂಡಾಮೃಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ, ಒದ್ದೆಯಾಗಿದ್ದರೆ ಯಾವುದಾದರೂ ಕಪ್ಪಾಗಿಯೇ ಕಾಣುತ್ತದೆ.

ಖಚಿತ ಲಕ್ಷಣ ಬೇಕೆಂದರೆ ಬಾಯಿ ನೋಡಿ. ಬಿಳಿ ಘೇಂಡಾಮೃಗ ನೆಲದ ಹುಲ್ಲು ಮೇಯುವ ಪ್ರಾಣಿ. ಅದರ ತುಟಿ ಅಗಲವಾಗಿ, ಚಪ್ಪಟೆಯಾಗಿ, ಎದುರಿನಿಂದ ನೋಡಿದರೆ ಹೆಚ್ಚುಕಡಿಮೆ ಚೌಕವಾಗಿ ಕಾಣುತ್ತದೆ. ಕಪ್ಪು ಘೇಂಡಾಮೃಗ ಪೊದೆ ಮತ್ತು ಗಿಡಗಳ ಎಲೆ, ಚಿಗುರು, ರೆಂಬೆಗಳನ್ನು ತಿನ್ನುತ್ತದೆ. ಅದರ ಮೇಲ್ದುಟಿ ಕೊಕ್ಕಿನಂತೆ ಮುಂದಕ್ಕೆ ಚೂಪಾಗಿ ಬಾಗಿರುತ್ತದೆ, ಅದರಿಂದ ರೆಂಬೆಯನ್ನು ಹಿಡಿದು ಬಾಯೊಳಗೆ ಎಳೆದುಕೊಳ್ಳುತ್ತದೆ.

ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಊಟದ ಕ್ರಮದಿಂದಲೇ ಹುಟ್ಟಿದವು. ದಿನದ ಬಹುಭಾಗ ನೆಲಕ್ಕೆ ಮುಖವಿಟ್ಟು ಮೇಯುವುದಕ್ಕೆ ಉದ್ದನೆಯ ತಲೆ ಬೇಕು. ಅಷ್ಟು ಭಾರದ ತಲೆಯನ್ನು ಎತ್ತಿ ಇಳಿಸಲು ಕತ್ತಿನ ಹಿಂಭಾಗದಲ್ಲಿ ಬಲವಾದ ಸ್ನಾಯುಗಳು ಬೇಕು. ಆದ್ದರಿಂದಲೇ ಬಿಳಿ ಘೇಂಡಾಮೃಗಕ್ಕೆ ಕತ್ತು ಮತ್ತು ಭುಜ ಸೇರುವಲ್ಲಿ ಎದ್ದು ಕಾಣುವ ಡುಬ್ಬವಿದೆ, ಮತ್ತು ಅದು ನಡೆಯುವಾಗಲೂ ತಲೆಯನ್ನು ಕೆಳಗೇ ಇಟ್ಟುಕೊಂಡಿರುತ್ತದೆ. ಕಪ್ಪು ಘೇಂಡಾಮೃಗದ ತಲೆ ಚಿಕ್ಕದು, ಅದನ್ನು ಎತ್ತಿ ಹಿಡಿದಿರುತ್ತದೆ, ಡುಬ್ಬವಿಲ್ಲ, ಬೆನ್ನು ನಡುವೆ ತಗ್ಗಿರುತ್ತದೆ. ಇಷ್ಟು ತಿಳಿದಿದ್ದರೆ ಬಾಯಿ ಕಾಣದ ಚಿತ್ರದಲ್ಲೂ ಬಹಳಷ್ಟು ಓದಬಹುದು.

ಸುಮ್ಮನೋದುಗ

ಮೊದಲನೆಯ ಚಿತ್ರ ಬಿಳಿಯದ್ದೇ, ಅನುಮಾನವೇ ಬೇಡ, ಮರಿ ತಾಯಿಯ ಮುಂದೆ ನಡೆಯುತ್ತಿದೆಯಲ್ಲ.

ಕಾಡಂಚು

ಮರಿಯ ಈ ಸೂತ್ರವನ್ನು ಎಲ್ಲ ಮಾರ್ಗದರ್ಶಕರೂ ಹೇಳುತ್ತಾರೆ, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ. ಬಿಳಿ ಘೇಂಡಾಮೃಗದ ಮರಿ ಸಾಮಾನ್ಯವಾಗಿ ತಾಯಿಯ ಮುಂದೆ ಓಡುತ್ತದೆ, ಕಪ್ಪಿನದು ತಾಯಿಯ ಹಿಂದೆ ಬರುತ್ತದೆ. ಬಯಲಿನಲ್ಲಿ ತಾಯಿ ಹಿಂದಿನಿಂದ ಕಾವಲಿರುತ್ತದೆ, ಪೊದೆಗಾಡಿನಲ್ಲಿ ತಾಯಿಯೇ ದಾರಿ ಮಾಡಿಕೊಡಬೇಕಾಗುತ್ತದೆ ಎಂಬ ವಿವರಣೆಯೂ ಒಪ್ಪುವಂಥದ್ದೇ. ಆದರೆ ಇದು ಗಾಬರಿಯಾಗಿ ಓಡುವಾಗ ಅಥವಾ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವಾಗ ಕಾಣುವ ಪ್ರವೃತ್ತಿ ಮಾತ್ರ. ಮೇಯುವಾಗ ಮರಿ ಎಲ್ಲಿ ಬೇಕಾದರೂ ಇರುತ್ತದೆ. ಒಂದು ಕ್ಷಣದ ಚಿತ್ರದಿಂದ ನಡಿಗೆಯ ಕ್ರಮವನ್ನು ತೀರ್ಮಾನಿಸುವುದು ಅಪಾಯಕರ, ಅದರಲ್ಲೂ ಶೀರ್ಷಿಕೆಯಲ್ಲಿ ಜಾತಿಯ ಹೆಸರು ಬರೆಯುವ ಮೊದಲು.

ಸುಮ್ಮನೋದುಗ

ಹಾಗಾದರೆ ಮೊದಲನೆಯ ಚಿತ್ರ ಕಪ್ಪಿನದೆನ್ನುತ್ತೀರಾ?

ಕಾಡಂಚು

ಇಲ್ಲ, ಅದು ಬಿಳಿಯದ್ದೇ ಇರಬೇಕು. ನಿಮ್ಮ ಉತ್ತರ ಸರಿ, ಕಾರಣ ಸಾಲದು ಎನ್ನುತ್ತಿದ್ದೇನೆ.

ಹಳೇಕ್ಯಾಮರಾ

ಕೊಂಬನ್ನು ಎಲ್ಲರೂ ಏಕೆ ಮರೆತಿರಿ? ಬಿಳಿಯದರ ಮುಂಗೊಂಬು ಹಿಂಗೊಂಬಿಗಿಂತ ಬಹಳ ಉದ್ದವಿರುತ್ತದೆ, ಕಪ್ಪಿನಲ್ಲಿ ಎರಡರ ನಡುವಿನ ಅಂತರ ಕಡಿಮೆ. ನಾನು ಫಿಲಂ ಕಾಲದಿಂದಲೂ ಹೀಗೆಯೇ ಗುರುತಿಸುತ್ತಾ ಬಂದಿದ್ದೇನೆ. ತುಟಿ ನೋಡಬೇಕೆಂದರೆ ಪ್ರಾಣಿ ಹತ್ತಿರವಿರಬೇಕು, ಪಕ್ಕಕ್ಕೆ ತಿರುಗಿರಬೇಕು, ಹುಲ್ಲು ಅಡ್ಡವಿರಬಾರದು. ಕೊಂಬು ಅರ್ಧ ಕಿಲೋಮೀಟರ್ ದೂರದಿಂದಲೂ ಕಾಣುತ್ತದೆ.

ಪ್ರಾಣಿಶಾಸ್ತ್ರ_ವಿದ್ಯಾರ್ಥಿ

ಹಳೇಕ್ಯಾಮರಾ ಅವರೇ, ಸರಾಸರಿಯಾಗಿ ನಿಮ್ಮ ಮಾತು ಸರಿಯಿರಬಹುದು, ಆದರೆ ಎದುರಿಗೆ ನಿಂತ ಒಂದು ಪ್ರಾಣಿಗೆ ಅದನ್ನು ಅನ್ವಯಿಸಲು ಬರುವುದಿಲ್ಲ. ಘೇಂಡಾಮೃಗದ ಕೊಂಬಿನೊಳಗೆ ದನದ ಕೊಂಬಿನಲ್ಲಿರುವಂತೆ ಎಲುಬಿನ ತಿರುಳಿಲ್ಲ. ಅದು ಪೂರ್ತಿ ಕೆರಾಟಿನ್, ನಮ್ಮ ಉಗುರು ಮತ್ತು ಕೂದಲಿನಲ್ಲಿರುವ ವಸ್ತುವೇ. ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ನೆಲಕ್ಕೂ ಮರಕ್ಕೂ ತಿಕ್ಕಿ ಸವೆಯುತ್ತದೆ, ಕಾದಾಟದಲ್ಲಿ ಮುರಿಯುತ್ತದೆ, ಮತ್ತೆ ಬೆಳೆಯುತ್ತದೆ. ಮುಂಗೊಂಬು ಮುರಿದ ಬಿಳಿ ಘೇಂಡಾಮೃಗವನ್ನು ನಿಮ್ಮ ಸೂತ್ರ ಕಪ್ಪಿನ ಸಾಲಿಗೆ ಸೇರಿಸಿಬಿಡುತ್ತದೆ.

ಇನ್ನೊಂದು ವಿಷಯವಿದೆ. ದಕ್ಷಿಣ ಆಫ್ರಿಕಾ, ನಮೀಬಿಯಾ, ಜಿಂಬಾಬ್ವೆಗಳ ಅನೇಕ ಅಭಯಾರಣ್ಯಗಳಲ್ಲಿ ಕಳ್ಳಬೇಟೆಯನ್ನು ತಡೆಯಲು ಪ್ರಾಣಿಗೆ ಅರಿವಳಿಕೆ ಕೊಟ್ಟು ಕೊಂಬನ್ನು ಕತ್ತರಿಸುತ್ತಾರೆ. ಬುಡದ ಜೀವಂತ ಭಾಗವನ್ನು ಬಿಟ್ಟು ಕತ್ತರಿಸುವುದರಿಂದ ಅದು ಮತ್ತೆ ಬೆಳೆಯುತ್ತದೆ, ಕೆಲವು ಕಾಲದ ನಂತರ ಮತ್ತೆ ಕತ್ತರಿಸಬೇಕಾಗುತ್ತದೆ. ಅಲ್ಲಿಗೆ ಸಫಾರಿಗೆ ಹೋದವರು ಮೊಂಡು ಕೊಂಬಿನ ಪ್ರಾಣಿಗಳನ್ನೇ ಹೆಚ್ಚಾಗಿ ನೋಡುತ್ತಾರೆ. ಅವರ ಚಿತ್ರಗಳನ್ನು ಕೊಂಬಿನಿಂದ ಹೇಗೆ ಗುರುತಿಸುತ್ತೀರಿ?

ಹಳೇಕ್ಯಾಮರಾ

ಕತ್ತರಿಸಿದ ಕೊಂಬಿನ ಮಾತು ಬೇರೆ. ನಾನು ಹೇಳಿದ್ದು ಕೊಂಬು ಇರುವ ಪ್ರಾಣಿಯ ಬಗ್ಗೆ. ಆದರೂ ನಿಮ್ಮ ವಾದಕ್ಕಾಗಿ ಕೇಳುತ್ತೇನೆ: ಸೂರ್ಯಾಸ್ತದಲ್ಲಿ ಬರಿಯ ನೆರಳುಚಿತ್ರ ಸಿಕ್ಕಿದೆ, ತುಟಿಯ ವಿವರ ಇಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಆಗ ಕೊಂಬಲ್ಲದೆ ಬೇರೇನಿದೆ?

ಹುಲ್ಲುಗರಿ

ಬೆನ್ನಿನ ರೇಖೆ ಇದೆ. ನೆರಳುಚಿತ್ರದಲ್ಲಿ ಅದು ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ಮೂಡುತ್ತದೆ. ಕತ್ತಿನ ಹಿಂದೆ ದಿಬ್ಬದಂತೆ ಏರಿ, ಮುಂದೆ ಉದ್ದನೆಯ ತಲೆ ಮೊಣಕಾಲಿನ ಮಟ್ಟಕ್ಕೆ ಇಳಿದಿದ್ದರೆ ಅದು ಬಿಳಿ. ಭುಜ ಮತ್ತು ಸೊಂಟ ಎತ್ತರವಾಗಿ ನಡುಬೆನ್ನು ಇಳಿದಿದ್ದು, ತಲೆ ಬೆನ್ನಿನ ಮಟ್ಟಕ್ಕೆ ಸಮೀಪವಿದ್ದರೆ ಅದು ಕಪ್ಪು. ಜೊತೆಗೆ ಕಿವಿಯನ್ನೂ ನೋಡಿ. ಬಿಳಿಯದರ ಕಿವಿ ಉದ್ದವಾಗಿ, ಕೊಳವೆಯಂತೆ ಸುರುಳಿಯಾಗಿ, ತುದಿ ಚೂಪಾಗಿರುತ್ತದೆ. ಕಪ್ಪಿನ ಕಿವಿ ಚಿಕ್ಕದಾಗಿ, ದುಂಡಗೆ, ಅಂಚಿನಲ್ಲಿ ಕೂದಲಿನ ಝಾಲರಿಯೊಂದಿಗೆ ಇರುತ್ತದೆ.

ಜೌಗುನೆಲ

ಆವಾಸವನ್ನೂ ಪರಿಗಣಿಸಬೇಕಲ್ಲವೇ? ಬಯಲಿನಲ್ಲಿ ಗುಂಪಾಗಿ ಕಂಡರೆ ಬಿಳಿ, ಪೊದೆಯಲ್ಲಿ ಒಂಟಿಯಾಗಿ ಕಂಡರೆ ಕಪ್ಪು ಎಂದು ಕೈಪಿಡಿಗಳಲ್ಲಿ ಓದಿದ್ದೇನೆ.

ಕಾಡಂಚು

ಆ ಸೂತ್ರವನ್ನು ಹಿಡಿದುಕೊಂಡು ತಾಂಜಾನಿಯಾದ ಗೊರೊಂಗೊರೊ ಕುಳಿಗೆ ಹೋದರೆ ಎಲ್ಲ ಚಿತ್ರಗಳಿಗೂ ತಪ್ಪು ಹೆಸರು ಬೀಳುತ್ತದೆ. ಅಲ್ಲಿರುವುದು ಕಪ್ಪು ಘೇಂಡಾಮೃಗ ಮಾತ್ರ, ಮತ್ತು ಅವು ಹಗಲಿನಲ್ಲಿ ಕುಳಿಯ ತಳದ ತೆರೆದ ಹುಲ್ಲುಗಾವಲಿನಲ್ಲೇ ಕಾಣಸಿಗುತ್ತವೆ, ರಸ್ತೆಯಿಂದ ಬಹಳ ದೂರದಲ್ಲಿ, ಬಿಸಿಲಿನ ಝಳದಲ್ಲಿ ನಡುಗುವ ಕರಿಚುಕ್ಕೆಯಾಗಿ. ಒಂಟಿತನದ ಮಾತೂ ಅಷ್ಟೇ. ನಮೀಬಿಯಾದ ಎಟೋಶಾದಲ್ಲಿ ಒಕಾಕುಯೊ ಶಿಬಿರದ ಪಕ್ಕದ ನೀರುಹೊಂಡಕ್ಕೆ ರಾತ್ರಿ ದೀಪ ಹಾಕಿರುತ್ತಾರೆ. ಅಲ್ಲಿ ಹಲವು ಕಪ್ಪು ಘೇಂಡಾಮೃಗಗಳು ಒಟ್ಟಿಗೆ ಸೇರುವುದನ್ನು, ಮೂತಿ ತಾಗಿಸಿ ಮೂಸುವುದನ್ನು, ಒಂದನ್ನೊಂದು ಬೆದರಿಸುವುದನ್ನು ಕುಳಿತಲ್ಲಿಂದಲೇ ನೋಡಬಹುದು. ಆವಾಸ ನಮಗೆ ಎಲ್ಲಿ ಹುಡುಕಬೇಕೆಂಬುದನ್ನು ಹೇಳುತ್ತದೆ. ಕಂಡದ್ದು ಯಾವುದೆಂಬುದನ್ನು ಪ್ರಾಣಿಯ ಮೈಯೇ ಹೇಳಬೇಕು.

ಜೌಗುನೆಲ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಂತೂ ಆ ಸೂತ್ರ ನಡೆಯುತ್ತದೆ ಎಂದು ಕೇಳಿದ್ದೇನೆ.

ಕಾಡಂಚು

ಕ್ರೂಗರ್‌ನಲ್ಲಿ ಬಿಳಿಯವುಗಳ ಸಂಖ್ಯೆ ಕಪ್ಪಿಗಿಂತ ಬಹಳ ಹೆಚ್ಚು. ಅಲ್ಲಿ ಕಣ್ಣು ಮುಚ್ಚಿಕೊಂಡು ಬಿಳಿ ಎಂದರೂ ಬಹುಪಾಲು ಸರಿಯಾಗುತ್ತದೆ. ಅದು ಸೂತ್ರದ ಹೆಚ್ಚುಗಾರಿಕೆಯಲ್ಲ.

ಮಂಜುಮುಂಜಾನೆ

ನಾನು ಆಫ್ರಿಕಾಕ್ಕೆ ಹೋದವಳಲ್ಲ, ನನ್ನ ಚಿತ್ರಗಳೆಲ್ಲ ಅಸ್ಸಾಮಿನ ಕಾಜಿರಂಗ ಮತ್ತು ಪೊಬಿತೊರಾದವು. ಆದರೂ ಒಂದು ಮಾತು ಸೇರಿಸಬೇಕೆನಿಸುತ್ತದೆ. ಹುಲ್ಲುಗರಿ ಅವರು ತುಟಿಯಿಂದ ಊಟವನ್ನೂ ಊಟದಿಂದ ಮೈಕಟ್ಟನ್ನೂ ವಿವರಿಸಿದ್ದು ಆಫ್ರಿಕಾದ ಎರಡು ಜಾತಿಗಳಿಗೆ ಸರಿಹೊಂದುತ್ತದೆ. ನಮ್ಮ ಒಂಟಿಕೊಂಬಿನ ಘೇಂಡಾಮೃಗ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಮೇಲ್ದುಟಿಯೂ ಚೂಪಾಗಿ, ಹಿಡಿಯಬಲ್ಲ ಶಕ್ತಿಯುಳ್ಳದ್ದು. ಆದರೆ ಅದು ಮುಖ್ಯವಾಗಿ ತಿನ್ನುವುದು ಹುಲ್ಲನ್ನು. ಎತ್ತರದ ಆನೆಹುಲ್ಲನ್ನು ಆ ತುಟಿಯಿಂದ ಕಟ್ಟಾಗಿ ಸೆಳೆದು ಬಾಯಿಗೆ ತಂದುಕೊಳ್ಳುತ್ತದೆ, ಗಿಡ್ಡ ಹುಲ್ಲು ಮೇಯುವಾಗ ಆ ತುದಿಯನ್ನು ಒಳಕ್ಕೆ ಮಡಚಿಕೊಳ್ಳುತ್ತದೆ. ಹುಲ್ಲಿನ ಜೊತೆಗೆ ಎಲೆ, ಹಣ್ಣು, ನೀರುಸಸ್ಯಗಳನ್ನೂ ತಿನ್ನುತ್ತದೆ. ಆದ್ದರಿಂದ ಚೂಪು ತುಟಿ ಎಂದರೆ ಪೊದೆ ತಿನ್ನುವ ಪ್ರಾಣಿ ಎಂಬ ಸಮೀಕರಣವನ್ನು ಏಷ್ಯಾಕ್ಕೆ ಎಳೆಯಬೇಡಿ.

ಇದನ್ನು ಗುರುತಿಸುವುದಕ್ಕಂತೂ ಯಾರ ಸಹಾಯವೂ ಬೇಡ. ಒಂದೇ ಕೊಂಬು, ಮೈಮೇಲೆ ತಗಡುಗಳನ್ನು ಜೋಡಿಸಿದಂತೆ ಆಳವಾದ ಚರ್ಮದ ಮಡಿಕೆಗಳು, ಭುಜ ಮತ್ತು ತೊಡೆಯ ಮೇಲೆ ಗುಬುಟುಗಳು. ಬೆಳಗಿನ ಓರೆಬಿಸಿಲಿನಲ್ಲಿ ಒಂದೊಂದು ಗುಬುಟಿಗೂ ಅದರದೇ ನೆರಳು ಬೀಳುತ್ತದೆ, ಮಧ್ಯಾಹ್ನ ತೆಗೆದರೆ ಅದೇ ಮೈ ಸಪಾಟಾಗಿ ಕಾಣುತ್ತದೆ. ಚಳಿಗಾಲದ ಮಂಜು ಕರಗುವವರೆಗೆ ಕಾಯುವ ತಾಳ್ಮೆ ಬೇಕು ಅಷ್ಟೇ. ಮಳೆಗಾಲದಲ್ಲಿ ಬ್ರಹ್ಮಪುತ್ರದ ನೆರೆ ಬರುವುದರಿಂದ ಕಾಜಿರಂಗ ಪ್ರವಾಸಿಗರಿಗೆ ಮುಚ್ಚಿರುತ್ತದೆ.

ಹುಲ್ಲುಗರಿ

ಮಂಜುಮುಂಜಾನೆ ಅವರು ಹೇಳಿದ್ದು ಸರಿ. ನನ್ನ ಮಾತು ನಕುರುವಿನ ಚಿತ್ರಗಳಿಗಷ್ಟೇ ಸಂಬಂಧಿಸಿದ್ದು. ಒಂಟಿಕೊಂಬಿನದು ಕಾದಾಡುವಾಗ ಕೊಂಬಿಗಿಂತ ಹಲ್ಲನ್ನೇ ಹೆಚ್ಚು ಬಳಸುತ್ತದೆ ಎಂದು ಕೇಳಿದ್ದೇನೆ. ನಿಮ್ಮ ಚಿತ್ರಗಳಲ್ಲಿ ಅದು ಕಂಡಿದೆಯೇ?

ಮಂಜುಮುಂಜಾನೆ

ಕಂಡಿದೆ. ಆಫ್ರಿಕಾದ ಎರಡು ಜಾತಿಗಳಿಗೂ ಮುಂಭಾಗದ ಬಾಚಿಹಲ್ಲುಗಳಿಲ್ಲ. ಒಂಟಿಕೊಂಬಿನದಕ್ಕೆ ಕೆಳದವಡೆಯಲ್ಲಿ ದಾಡೆಯಂತೆ ಬೆಳೆದ ಒಂದು ಜೊತೆ ಬಾಚಿಹಲ್ಲುಗಳಿವೆ. ಗಂಡುಗಳ ಕಾದಾಟದ ನಂತರ ಮೈಮೇಲೆ ಕಾಣುವ ಉದ್ದನೆಯ ಸೀಳುಗಾಯಗಳು ಬಹುಪಾಲು ಆ ಹಲ್ಲಿನವು. ಪ್ರಾಣಿ ಬಾಯಿ ತೆರೆದು ಬೆದರಿಸುವಾಗ ಅವು ಕಾಣುತ್ತವೆ, ಆದರೆ ಆ ಹೊತ್ತಿಗೆ ಗಾಡಿ ಹಿಂದಕ್ಕೆ ಹೋಗುತ್ತಿರುತ್ತದೆ, ಚಿತ್ರ ಅಲುಗಾಡಿರುತ್ತದೆ.

ನೆರಳುಬೆಳಕು

ಗುರುತಿಸುವಿಕೆಯನ್ನು ಮನೆಗೆ ಬಂದ ಮೇಲೆ ಮಾಡುವ ಕೆಲಸವೆಂದು ನೋಡಬೇಡಿ, ಅದು ಗಾಡಿಯಲ್ಲೇ ಆಗಬೇಕು. ತುಟಿ ಕಾಣುವ ಒಂದು ಪಾರ್ಶ್ವನೋಟ, ಕಿವಿ ಮುಂದಕ್ಕೆ ತಿರುಗಿದ ಒಂದು ಚಿತ್ರ, ಬೆನ್ನಿನ ಪೂರ್ಣ ರೇಖೆ ಇರುವ ಒಂದು ಚಿತ್ರ, ಇವನ್ನು ಸುಂದರವಾಗಿರಲಿ ಇಲ್ಲದಿರಲಿ ತೆಗೆದಿಟ್ಟುಕೊಳ್ಳಬೇಕು. ಬಿಳಿ ಘೇಂಡಾಮೃಗ ಮೇಯುವಾಗ ಮುಖ ಹುಲ್ಲಿನೊಳಗಿರುತ್ತದೆ. ಅದು ತಲೆಯೆತ್ತುವ ಹೊತ್ತನ್ನು ಮುನ್ಸೂಚಿಸುವುದು ಕಿವಿಗಳು. ಅವು ಒಂದೇ ದಿಕ್ಕಿಗೆ ತಿರುಗಿ ನಿಂತರೆ ತಲೆ ಮೇಲೆ ಬರುತ್ತದೆಂದು ಸಿದ್ಧರಾಗಿ.

ನನ್ನ ನಿಜವಾದ ಆಕ್ಷೇಪ ಸಂಪಾದನೆಯ ಬಗ್ಗೆ. ಕಪ್ಪು ಘೇಂಡಾಮೃಗ ಎಂದು ಶೀರ್ಷಿಕೆ ಕೊಡಬೇಕೆಂದುಕೊಂಡವರು ಮೈಬಣ್ಣವನ್ನು ಗಾಢಗೊಳಿಸುತ್ತಾರೆ, ಬಿಳಿ ಎಂದುಕೊಂಡವರು ತಿಳಿಗೊಳಿಸುತ್ತಾರೆ. ಒಣಕೆಸರಿನಿಂದ ಮುಚ್ಚಿದ ಪ್ರಾಣಿಯ ಮೇಲೆ ಕ್ಯಾಮರಾದ ಬೆಳಕಿನ ಮಾಪನವೇ ಏಮಾರುತ್ತದೆ, ಅದರ ಮೇಲೆ ನಾವು ಹೆಸರಿಗೆ ತಕ್ಕ ಬಣ್ಣ ಬಳಿದರೆ ಚಿತ್ರಕ್ಕೆ ದಾಖಲೆಯ ಬೆಲೆಯೇ ಉಳಿಯುವುದಿಲ್ಲ.

ಗಾಯಗಳ ವಿಷಯವೂ ಹಾಗೆಯೇ. ಕಪ್ಪು ಘೇಂಡಾಮೃಗದ ಭುಜದ ಹಿಂದೆ, ಪಕ್ಕೆಯ ಮೇಲೆ ಕಪ್ಪಗೆ ಕೆಲವೊಮ್ಮೆ ರಕ್ತ ಜಿನುಗುವ ಹುಣ್ಣು ಕಾಣುವುದುಂಟು. ಚರ್ಮದಲ್ಲಿರುವ ಒಂದು ಬಗೆಯ ಸೂಕ್ಷ್ಮ ಪರಾವಲಂಬಿ ಹುಳುವಿನಿಂದ ಬರುವ ಅದು ಆ ಜಾತಿಯಲ್ಲಿ ಸಾಮಾನ್ಯ. ಅದನ್ನು ಅಂದಗೆಡಿಸುವ ಕಲೆಯೆಂದು ಅಳಿಸಿಹಾಕಿದರೆ ಜಾತಿಯ ಒಂದು ಸುಳಿವನ್ನೇ ಅಳಿಸಿದಂತಾಗುತ್ತದೆ.

ಹಳೇಕ್ಯಾಮರಾ

ಗೋಡೆಗೆ ಹಾಕುವ ಚಿತ್ರಕ್ಕೂ ಹುಣ್ಣು ಬೇಕೆನ್ನುತ್ತೀರಾ? ಪ್ರತಿ ಚಿತ್ರವೂ ಪ್ರಯೋಗಾಲಯದ ದಾಖಲೆಯಾಗಬೇಕಿಲ್ಲ.

ನೆರಳುಬೆಳಕು

ಗೋಡೆಗೆ ಹಾಕುವವರು ಏನು ಬೇಕಾದರೂ ಮಾಡಲಿ. ಶೀರ್ಷಿಕೆಯಲ್ಲಿ ಜಾತಿ ಮತ್ತು ಸ್ಥಳ ಬರೆದು ಪ್ರದರ್ಶನಕ್ಕೆ ಕಳಿಸುವವರ ಬಗ್ಗೆ ಹೇಳಿದೆ.

ದೂರಮಸೂರ

ಎಲ್ಲರಿಗೂ ಧನ್ಯವಾದ. ಮೊದಲನೆಯ ಚಿತ್ರದಲ್ಲಿ ಮೂರರದ್ದೂ ತಲೆ ಕೆಳಗಿದೆ, ಡುಬ್ಬ ಸ್ಪಷ್ಟವಾಗಿದೆ, ಒಂದರ ಅಗಲ ತುಟಿಯೂ ಕಾಣುತ್ತದೆ. ಎರಡನೆಯದರ ಮೇಲ್ದುಟಿ ದೊಡ್ಡದು ಮಾಡಿ ನೋಡಿದಾಗ ಕೊಕ್ಕಿನಂತೆಯೇ ಇದೆ. ಮೂರನೆಯದರಲ್ಲಿ ಕಿವಿ ದುಂಡಗಿದೆ, ಬೆನ್ನು ನಡುವೆ ಇಳಿದಿದೆ, ಕತ್ತಿನ ಹಿಂದೆ ದಿಬ್ಬವಿಲ್ಲ. ಆದರೆ ಮುಂಗೊಂಬು ಬಹಳ ಉದ್ದ, ಹಿಂಗೊಂಬಿನ ಎರಡರಷ್ಟಾದರೂ ಇದೆ. ಜೊತೆಗೆ ಒಂದು ಕಿವಿಯ ಅಂಚಿನಲ್ಲಿ ತ್ರಿಕೋನದಂತೆ ಎರಡು ಕಚ್ಚುಗಳಿವೆ. ಸಿಂಹ ಅಥವಾ ಕತ್ತೆಕಿರುಬ ಕಚ್ಚಿದ್ದೇ?

ಪ್ರಾಣಿಶಾಸ್ತ್ರ_ವಿದ್ಯಾರ್ಥಿ

ಮೂರನೆಯದು ಕಪ್ಪು. ಕಿವಿ, ಬೆನ್ನು, ಕತ್ತು ಮೂರೂ ಒಂದೇ ಕಡೆ ಬೆರಳು ತೋರಿಸುವಾಗ ಕೊಂಬಿನ ಮಾತನ್ನು ಕೇಳಬೇಕಾಗಿಲ್ಲ. ಉದ್ದನೆಯ ಮುಂಗೊಂಬಿರುವ ಕಪ್ಪು ಘೇಂಡಾಮೃಗಗಳು ಪೂರ್ವ ಆಫ್ರಿಕಾದಲ್ಲಿ ಅಪರೂಪವೇನಲ್ಲ.

ಕಿವಿಯ ಕಚ್ಚುಗಳು ಅಷ್ಟು ಅಚ್ಚುಕಟ್ಟಾಗಿದ್ದರೆ ಮನುಷ್ಯರು ಮಾಡಿದವೇ ಆಗಿರಬೇಕು. ಪ್ರಾಣಿಗೆ ಅರಿವಳಿಕೆ ಕೊಟ್ಟ ಸಂದರ್ಭದಲ್ಲಿ ಕಿವಿಯ ಅಂಚಿನ ಗೊತ್ತಾದ ಜಾಗಗಳಲ್ಲಿ ಸಣ್ಣ ಕಚ್ಚುಗಳನ್ನು ಹಾಕುತ್ತಾರೆ. ಯಾವ ಜಾಗದ ಕಚ್ಚಿಗೆ ಯಾವ ಸಂಖ್ಯೆ ಎಂಬ ಪದ್ಧತಿಯಿದ್ದು, ಕಾವಲುಗಾರರು ದೂರದರ್ಶಕದಲ್ಲಿ ಕಿವಿ ನೋಡಿ ಆ ಪ್ರಾಣಿ ಯಾವುದೆಂದು ಹೇಳುತ್ತಾರೆ. ಕೀನ್ಯಾದಲ್ಲಿ ಕಪ್ಪು ಘೇಂಡಾಮೃಗಗಳ ಲೆಕ್ಕ ಹೀಗೆ ಒಂದೊಂದನ್ನೂ ಗುರುತಿಸಿ ಇಡುವಂಥದ್ದು. 1970ರ ಸುಮಾರಿಗೆ ಆಫ್ರಿಕಾದಲ್ಲಿ 65,000 ಇದ್ದ ಕಪ್ಪು ಘೇಂಡಾಮೃಗಗಳು 1990ರ ದಶಕದಲ್ಲಿ 2,500ಕ್ಕಿಂತ ಕೆಳಗಿಳಿದಿದ್ದವು. ಈಗ 6,000 ದಾಟಿರುವುದರ ಹಿಂದೆ ಇಂಥ ಎಣಿಕೆಯೂ ಕಾವಲೂ ಇವೆ.

ಹಳೇಕ್ಯಾಮರಾ

ಉದ್ದನೆಯ ಮುಂಗೊಂಬಿನ ಕಪ್ಪು ಘೇಂಡಾಮೃಗ ಒಂದು ಸಿಕ್ಕಿತೆಂದು ನಿಯಮ ಬಿದ್ದುಹೋಗುವುದಿಲ್ಲ. ಅಪವಾದ ಎಲ್ಲಕ್ಕೂ ಇರುತ್ತದೆ.

ಹುಲ್ಲುಗರಿ

ತುಟಿಗೆ ಅಪವಾದ ತೋರಿಸಿ, ಕೊಂಬಿನ ನಿಯಮವನ್ನು ನಾನೂ ಒಪ್ಪುತ್ತೇನೆ.

ಸುಮ್ಮನೋದುಗ

ಪ್ರಾಣಿ ಕಾಣದೆ ಹೆಜ್ಜೆಗುರುತು, ಲದ್ದಿ ಮಾತ್ರ ಸಿಕ್ಕರೆ ಗುರುತಿಸಬಹುದೇ? ಕಾಲ್ನಡಿಗೆಯ ಸಫಾರಿಗೆ ಹೋಗುವವರಿಗೆ ಉಪಯೋಗವಾದೀತು.

ಪ್ರಾಣಿಶಾಸ್ತ್ರ_ವಿದ್ಯಾರ್ಥಿ

ಲದ್ದಿಯಲ್ಲಿ ವ್ಯತ್ಯಾಸ ಬಹಳ ಸ್ಪಷ್ಟವಾಗಿದೆ. ಬಿಳಿಯದರ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿದರೆ ನುಣ್ಣನೆಯ ಹುಲ್ಲಿನ ನಾರು ಮಾತ್ರ ಸಿಗುತ್ತದೆ. ಕಪ್ಪಿನದರಲ್ಲಿ ರೆಂಬೆಯ ತುಂಡುಗಳಿರುತ್ತವೆ, ಅವುಗಳ ತುದಿ ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತೆ ಇರುತ್ತದೆ. ಆನೆಯ ಲದ್ದಿಯಲ್ಲೂ ಕಡ್ಡಿಗಳಿರುತ್ತವೆ, ಆದರೆ ಅವು ನಾರುನಾರಾಗಿ ಜಜ್ಜಿಹೋಗಿರುತ್ತವೆ, ಆ ಓರೆ ಕಡಿತ ಇರುವುದಿಲ್ಲ. ಹೆಜ್ಜೆಯಲ್ಲಿ ಎರಡಕ್ಕೂ ಮೂರು ಬೆರಳುಗಳೇ. ಬಿಳಿಯದರ ಹೆಜ್ಜೆ ದೊಡ್ಡದಾಗಿದ್ದು ಹಿಮ್ಮಡಿಯ ಅಂಚು ನಡುವೆ ಒಳಕ್ಕೆ ಕಚ್ಚಿದಂತೆ ಇರುತ್ತದೆ, ಕಪ್ಪಿನದು ಹಿಂಭಾಗದಲ್ಲಿ ದುಂಡಗಿರುತ್ತದೆ.

ಜೌಗುನೆಲ

ಕಾಲ್ನಡಿಗೆಯ ಮಾತು ಬಂದದ್ದರಿಂದ ಕೇಳುತ್ತೇನೆ. ಕಪ್ಪು ಘೇಂಡಾಮೃಗ ಕಂಡಕೂಡಲೇ ಮೇಲೆ ಬೀಳುತ್ತದೆ, ಬಿಳಿಯದು ಸಾಧು ಎನ್ನುವುದು ನಿಜವೇ?

ಕಾಡಂಚು

ಕಪ್ಪು ಬೇಗ ಕೆರಳುತ್ತದೆ ಎನ್ನುವುದರಲ್ಲಿ ಸತ್ಯವಿದೆ. ಎರಡರ ದೃಷ್ಟಿಯೂ ಮಂದ, ವಾಸನೆ ಮತ್ತು ಶ್ರವಣಶಕ್ತಿ ಚುರುಕು. ಬಯಲಿನಲ್ಲಿರುವ ಬಿಳಿ ಘೇಂಡಾಮೃಗ ಅನುಮಾನ ಬಂದಾಗ ದೂರ ಸರಿಯಲು ಜಾಗವಿರುತ್ತದೆ. ಪೊದೆಯೊಳಗಿನ ಕಪ್ಪಿಗೆ ನಾವು ಗೊತ್ತಾಗುವ ಹೊತ್ತಿಗೆ ಬಹಳ ಹತ್ತಿರ ಬಂದಿರುತ್ತೇವೆ, ಆಗ ಅದು ಸದ್ದು ಬಂದ ದಿಕ್ಕಿಗೆ ನುಗ್ಗುತ್ತದೆ. ಮೈಮೇಲೆ ಕೂರುವ ಕೆಂಪುಕೊಕ್ಕಿನ ಉಣ್ಣಿಹಕ್ಕಿಗಳು ನಮ್ಮನ್ನು ಕಂಡು ಕೂಗಿದರೆ ಘೇಂಡಾಮೃಗ ಎಚ್ಚರಗೊಳ್ಳುತ್ತದೆ. ಹಕ್ಕಿಗಳು ಎದ್ದವೆಂದರೆ ಅನುಭವಿ ಮಾರ್ಗದರ್ಶಕರು ಅಲ್ಲೇ ನಿಂತುಬಿಡುತ್ತಾರೆ. ಹಾಗೆಂದು ಬಿಳಿಯದನ್ನು ಸಾಧು ಎಂದು ಭಾವಿಸಬೇಡಿ. ಬಲಿತ ಗಂಡು 2,000 ಕಿಲೋಗಿಂತ ಹೆಚ್ಚು ತೂಗುತ್ತದೆ, ಕಪ್ಪಿನದು 800ರಿಂದ 1,400 ಕಿಲೋ. ಎರಡೂ ಮನುಷ್ಯನಿಗಿಂತ ವೇಗವಾಗಿ ಓಡುತ್ತವೆ. ಮರಿ ಜೊತೆಗಿದ್ದರೆ ಯಾವ ಜಾತಿಯೆಂಬ ಪ್ರಶ್ನೆಯೇ ಏಳುವುದಿಲ್ಲ, ಹಿಂದಕ್ಕೆ ಬನ್ನಿ.

ದೂರಮಸೂರ

ಶೀರ್ಷಿಕೆಯಲ್ಲಿ ಉಪಜಾತಿಯನ್ನೂ ಬರೆಯಬೇಕೇ? ಕೀನ್ಯಾದಲ್ಲಿ ಉತ್ತರದ ಬಿಳಿ ಘೇಂಡಾಮೃಗಗಳು ಇವೆ ಎಂದು ಓದಿದ್ದೇನೆ. ನನ್ನ ಮೊದಲನೆಯ ಚಿತ್ರದವು ಅವೇ ಆಗಿರಬಹುದೇ?

ಹುಲ್ಲುಗರಿ

ಸಾಧ್ಯವೇ ಇಲ್ಲ. ಉತ್ತರದ ಬಿಳಿ ಘೇಂಡಾಮೃಗಗಳಲ್ಲಿ ಈಗ ಬದುಕಿರುವುದು ಎರಡೇ, ನಾಜಿನ್ ಎಂಬ ತಾಯಿ ಮತ್ತು ಫಾತು ಎಂಬ ಮಗಳು. ಎರಡೂ ಕೀನ್ಯಾದ ಓಲ್ ಪೆಜೆಟಾ ಸಂರಕ್ಷಣಾ ಪ್ರದೇಶದಲ್ಲಿ ಕಾವಲಿನಲ್ಲಿವೆ. ಕೊನೆಯ ಗಂಡಾಗಿದ್ದ ಸುಡಾನ್ 2018ರ ಮಾರ್ಚಿನಲ್ಲಿ ಅಲ್ಲಿಯೇ ಸತ್ತಿತು. ನಕುರುವಿನಲ್ಲಿರುವವು ದಕ್ಷಿಣದ ಬಿಳಿ ಘೇಂಡಾಮೃಗಗಳು, ದಕ್ಷಿಣ ಆಫ್ರಿಕಾದಿಂದ ತಂದವುಗಳ ಸಂತತಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ಉಪಜಾತಿಯೂ ಇಂದಿನ ಕ್ವಾಜುಲು-ನಟಾಲ್ ಪ್ರಾಂತ್ಯದ ಉಂಫೊಲೋಜಿ ಸುತ್ತಮುತ್ತ ನೂರಕ್ಕಿಂತ ಕಡಿಮೆ ಸಂಖ್ಯೆಗೆ ಇಳಿದಿತ್ತು. ಅಲ್ಲಿ ಉಳಿಸಿದವುಗಳನ್ನು 1960ರ ದಶಕದಿಂದ ಬೇರೆ ಬೇರೆ ಕಡೆಗೆ ಸಾಗಿಸಿದರು. ನೀವು ಎಲ್ಲಿ ನೋಡಿದ ದಕ್ಷಿಣದ ಬಿಳಿ ಘೇಂಡಾಮೃಗವಾದರೂ ಆ ಸಣ್ಣ ಗುಂಪಿನಿಂದಲೇ ಬಂದದ್ದು.

ಪ್ರಾಣಿಶಾಸ್ತ್ರ_ವಿದ್ಯಾರ್ಥಿ

ಉತ್ತರದ್ದನ್ನು ಉಪಜಾತಿಯಲ್ಲ, ಬೇರೆ ಜಾತಿಯೆಂದೇ ಪರಿಗಣಿಸಬೇಕೆಂದು 2010ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದ್ದರು. ಆ ವಾದವನ್ನು ಹೆಚ್ಚಿನವರು ಒಪ್ಪಿಲ್ಲ. ಶೀರ್ಷಿಕೆಗೆ ದಕ್ಷಿಣದ ಬಿಳಿ ಘೇಂಡಾಮೃಗ ಎಂದು ಬರೆದರೆ ಯಾವ ಪಕ್ಷದವರೂ ತಕರಾರು ಮಾಡುವುದಿಲ್ಲ.

ಸುಮ್ಮನೋದುಗ

ಒಟ್ಟಿನಲ್ಲಿ ಎರಡು ಕೊಂಬಿದ್ದರೆ ಆಫ್ರಿಕಾ, ಒಂದಿದ್ದರೆ ಭಾರತ. ಅಷ್ಟಾದರೂ ನಿಶ್ಚಿಂತೆಯಿಂದ ನೆನಪಿಟ್ಟುಕೊಳ್ಳಬಹುದು.

ಮಂಜುಮುಂಜಾನೆ

ಅದನ್ನೂ ಇಟ್ಟುಕೊಳ್ಳಬೇಡಿ. ಸುಮಾತ್ರಾದ ಘೇಂಡಾಮೃಗ ಏಷ್ಯಾದ್ದೇ, ಅದಕ್ಕೆ ಎರಡು ಕೊಂಬುಗಳಿವೆ. ಐದು ಜಾತಿಗಳಲ್ಲಿ ಅತ್ಯಂತ ಚಿಕ್ಕದು ಅದು, ಮೈತುಂಬ ಕೆಂಗಂದು ಕೂದಲಿರುತ್ತದೆ. ಮಲೇಷ್ಯಾದಲ್ಲಿ ಉಳಿದಿದ್ದ ಕೊನೆಯದು 2019ರಲ್ಲಿ ಸತ್ತಿತು, ಈಗ ಇಂಡೋನೇಷ್ಯಾದಲ್ಲಿ ಮಾತ್ರ ಬೆರಳೆಣಿಕೆಯಷ್ಟು ಕಾಡುಗಳಲ್ಲಿದೆ. ಇನ್ನು ಒಂದೇ ಕೊಂಬಿನದೆಂದರೆ ನಮ್ಮದಷ್ಟೇ ಅಲ್ಲ, ಜಾವಾದ್ದೂ ಇದೆ. ಅದು ಉಳಿದಿರುವುದು ಜಾವಾ ದ್ವೀಪದ ಪಶ್ಚಿಮ ತುದಿಯ ಉಜುಂಗ್ ಕುಲೋನ್ ರಾಷ್ಟ್ರೀಯ ಉದ್ಯಾನವೊಂದರಲ್ಲೇ. ವಿಯೆಟ್ನಾಮಿನಲ್ಲಿದ್ದ ಕೊನೆಯದು 2010ರಲ್ಲಿ ಕಳ್ಳಬೇಟೆಗೆ ಬಲಿಯಾಯಿತು. ಹಿಂದೆ ಸುಂದರಬನದಲ್ಲೂ ಜಾವಾ ಘೇಂಡಾಮೃಗವಿತ್ತು. ಆದ್ದರಿಂದ ಬಂಗಾಳದ ಹಳೆಯ ಬೇಟೆಯ ಚಿತ್ರಗಳಲ್ಲಿ ಒಂಟಿಕೊಂಬು ಕಂಡ ಮಾತ್ರಕ್ಕೆ ಕಾಜಿರಂಗದ ಜಾತಿಯೆಂದು ಬರೆದುಬಿಡಬಾರದು.

ಹಳೇಕ್ಯಾಮರಾ

ಒಂಟಿಕೊಂಬಿನ ಆ ಎರಡನ್ನು ಬೇರ್ಪಡಿಸುವುದು ಹೇಗೆ? ಕೊಂಬಿನಿಂದ ಎಂದು ಮಾತ್ರ ನಾನು ಹೇಳುವುದಿಲ್ಲ, ನಿಶ್ಚಿಂತೆಯಿಂದಿರಿ.

ಮಂಜುಮುಂಜಾನೆ

ಇಲ್ಲಿ ಕೊಂಬೂ ಸ್ವಲ್ಪ ಸಹಾಯ ಮಾಡುತ್ತದೆ, ನಿಮಗೆ ಸಂತೋಷವಾಗಬಹುದು. ಜಾವಾದ ಹೆಣ್ಣುಗಳಿಗೆ ಅನೇಕ ವೇಳೆ ಕೊಂಬೇ ಇರುವುದಿಲ್ಲ ಅಥವಾ ಸಣ್ಣ ಗುಬುಟು ಮಾತ್ರ ಇರುತ್ತದೆ, ನಮ್ಮ ಜಾತಿಯಲ್ಲಿ ಹೆಣ್ಣಿಗೂ ಗಂಡಿಗೂ ಕೊಂಬಿದೆ. ಹೆಚ್ಚು ನಂಬಬಹುದಾದದ್ದು ಭುಜದ ಮುಂದಿನ ಮಡಿಕೆ. ಜಾವಾದ್ದರಲ್ಲಿ ಅದು ಕತ್ತಿನ ಮೇಲಿಂದ ಆಚೆ ಬದಿಗೆ ದಾಟಿಹೋಗಿ ಜೀನು ಹಾಕಿದಂತೆ ಕಾಣುತ್ತದೆ. ನಮ್ಮದರಲ್ಲಿ ಆ ಮಡಿಕೆ ಬೆನ್ನನ್ನು ದಾಟದೆ ಹಿಂದಕ್ಕೆ ತಿರುಗಿ ನಿಂತುಹೋಗುತ್ತದೆ. ಜಾವಾದ ಚರ್ಮದ ಮೇಲೆ ಗುಬುಟುಗಳ ಬದಲು ಹರಳು ಜೋಡಿಸಿದಂತಹ ಗೆರೆಗಳಿರುತ್ತವೆ. ಆದರೆ ಸಫಾರಿಯಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ, ಜಾವಾ ಘೇಂಡಾಮೃಗದ ಇಂದಿನ ಚಿತ್ರಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಕಟ್ಟಿಟ್ಟ ಸ್ವಯಂಚಾಲಿತ ಕ್ಯಾಮರಾಗಳು ತೆಗೆದವು.

ಜೌಗುನೆಲ

ಕಾಜಿರಂಗದಲ್ಲೇ ಜಗತ್ತಿನ ಒಂಟಿಕೊಂಬಿನ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೆಯಂತೆ, ನಿಜವೇ?

ಮಂಜುಮುಂಜಾನೆ

ನಿಜ. 2022ರ ಗಣತಿಯಲ್ಲಿ ಅಲ್ಲಿ 2,613 ಇದ್ದವು, ಭಾರತ ಮತ್ತು ನೇಪಾಳ ಸೇರಿ ಒಟ್ಟು 4,000ದ ಆಸುಪಾಸು. ಒಂದೇ ಕಡೆ ಅಷ್ಟು ಇರುವುದು ಛಾಯಾಗ್ರಾಹಕರಿಗೆ ಅನುಕೂಲ, ಜಾತಿಯ ಭವಿಷ್ಯಕ್ಕೆ ಅಲ್ಲ. ಒಂದು ದೊಡ್ಡ ನೆರೆ ಅಥವಾ ರೋಗ ಬಂದರೆ ಪೆಟ್ಟು ದೊಡ್ಡದು. ಅದಕ್ಕೆಂದೇ 1984ರಲ್ಲಿ ಉತ್ತರ ಪ್ರದೇಶದ ದುಧ್ವಾಕ್ಕೆ, ಆಮೇಲೆ ಅಸ್ಸಾಮಿನ ಮಾನಸಕ್ಕೆ ಘೇಂಡಾಮೃಗಗಳನ್ನು ಸಾಗಿಸಿದ್ದು.

ನೆರಳುಬೆಳಕು

ದೂರಮಸೂರ ಅವರಿಗೆ ಒಂದು ಸಲಹೆ. ಚಿತ್ರಗಳನ್ನು ಹಂಚಿಕೊಳ್ಳುವಾಗ ಉದ್ಯಾನದ ಹೆಸರಷ್ಟೇ ಬರೆಯಿರಿ, ರಸ್ತೆ, ನೀರುಹೊಂಡ, ಶಿಬಿರದ ಹೆಸರು ಬೇಡ. ಕಿವಿಯ ಕಚ್ಚುಗಳು ಸ್ಪಷ್ಟವಾಗಿ ಕಾಣುವ, ಉದ್ದನೆಯ ಕೊಂಬಿನ ಕಪ್ಪು ಘೇಂಡಾಮೃಗದ ಚಿತ್ರವನ್ನು ತೆಗೆದ ದಿನವೇ ಸ್ಥಳಸಹಿತ ಹಾಕುವುದು ಕಳ್ಳಬೇಟೆಗಾರರಿಗೆ ಮಾಹಿತಿ ಕೊಟ್ಟಂತೆ. ಆಫ್ರಿಕಾದ ಕೆಲವು ಅಭಯಾರಣ್ಯಗಳಲ್ಲಿ ಘೇಂಡಾಮೃಗದ ಚಿತ್ರಕ್ಕೆ ಸ್ಥಳದ ಗುರುತು ಹಾಕಬೇಡಿ ಎಂದು ಪ್ರವಾಸಿಗರಿಗೆ ಮೊದಲೇ ತಿಳಿಸುತ್ತಾರೆ.

ಹಳೇಕ್ಯಾಮರಾ

ನನ್ನ ಕ್ಯಾಮರಾದಲ್ಲಿ ಜಿಪಿಎಸ್ ಇಲ್ಲ, ಆದ್ದರಿಂದ ನನಗೆ ಆ ಚಿಂತೆಯಿಲ್ಲ.

ನೆರಳುಬೆಳಕು

ಕ್ಯಾಮರಾವನ್ನು ಮೊಬೈಲಿನ ಆ್ಯಪ್‌ಗೆ ಜೋಡಿಸಿದ್ದರೆ ಅಲ್ಲಿಂದಲೂ ಅಕ್ಷಾಂಶ, ರೇಖಾಂಶಗಳು ಚಿತ್ರದೊಳಗೆ ಸೇರಿಕೊಳ್ಳಬಹುದು, ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಂತೂ ಅವು ಇರುವುದೇ ಹೆಚ್ಚು. ಸಂಪಾದನಾ ತಂತ್ರಾಂಶದಿಂದ ಚಿತ್ರವನ್ನು ಹೊರತೆಗೆಯುವಾಗ ಸ್ಥಳದ ಮಾಹಿತಿಯನ್ನು ಬಿಡು ಎಂಬ ಆಯ್ಕೆಯಿರುತ್ತದೆ. ಅದನ್ನು ಒಮ್ಮೆ ಗುರುತು ಹಾಕಿಟ್ಟರೆ ಸಾಕು. ಮೂಲ ಕಡತದಲ್ಲಿ ಮಾಹಿತಿ ಉಳಿದೇ ಇರುತ್ತದೆ, ನಿಮ್ಮ ದಾಖಲೆಗೆ ತೊಂದರೆಯಿಲ್ಲ.

ದೂರಮಸೂರ

ಮೊಬೈಲಿನಲ್ಲಿ ತೆಗೆದವನ್ನು ಕುಟುಂಬದ ಗುಂಪಿಗೆ ಆಗಲೇ ಕಳಿಸಿದ್ದೇನೆ. ಅಲ್ಲಿಯೂ ಸ್ಥಳ ಹೋಗಿರುತ್ತದೆಯೇ?

ಪ್ರಾಣಿಶಾಸ್ತ್ರ_ವಿದ್ಯಾರ್ಥಿ

ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದ್ದರೆ ಆ ಮಾಹಿತಿ ಬಿಟ್ಟುಹೋಗಿರುತ್ತದೆ. ಗುಣಮಟ್ಟ ಉಳಿಯಲೆಂದು ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮೂಲ ಕಡತವೇ ಹೋಗಿರುತ್ತದೆ, ಅದರೊಂದಿಗೆ ಸ್ಥಳವೂ ಹೋಗಿರುತ್ತದೆ. ಹಾಗೆ ಕಳಿಸಿದ್ದರೆ ಅಳಿಸಿ ಮತ್ತೆ ಕಳಿಸಿ.